ಆನ್‌ಲೈನ್ ಅಂಗಡಿಗೆ ಯಾವ ಶಾಪಿಂಗ್ ಕಾರ್ಟ್?

(ನಮ್ಮ ವೇದಿಕೆಯ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣ)

 

ನಾನು ಐಟಿಐ ಓದಿದ ಎಲೆಕ್ಟ್ರಿಷಿಯನ್, ಸಾಫ್ಟ್‌ವೇರ್‌ನವನಲ್ಲ. ಆದರೆ ನಮ್ಮ ಮನೆಯವರು ಸಾಂಬಾರ್ ಪುಡಿ, ಹುರಿಹಿಟ್ಟು, ಚಕ್ಕುಲಿ ಮಾಡಿ ಮಾರ್ತಾರೆ. ಅದರ ವೆಬ್‌ಸೈಟ್ ನೋಡಿಕೊಳ್ಳೋದು ನಾನು. ಹಾಗಾಗಿ ವಾರಕ್ಕೊಬ್ಬರಾದರೂ ಫೋನ್ ಮಾಡಿ ಕೇಳ್ತಾರೆ: "ನಾವೂ ಸೀರೆ ಮಾರೋಣ ಅಂತಿದ್ದೀವಿ, ಯಾವ ಶಾಪಿಂಗ್ ಕಾರ್ಟ್ ಹಾಕಬೇಕು?" ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇವತ್ತು ಒಟ್ಟಿಗೆ ಹೇಳ್ತೀನಿ.

ಕಾರ್ಟ್ ಅಂದರೆ ಬರೀ ಬುಟ್ಟಿ ಅಲ್ಲ. ಸಾಮಾನು ತೋರಿಸೋದು, ಲೆಕ್ಕ ಹಾಕೋದು, ತೆರಿಗೆ ಸೇರಿಸೋದು, ಅಂಚೆ ಖರ್ಚು ಹೇಳೋದು, ದುಡ್ಡು ಕಟ್ಟಿಸಿಕೊಳ್ಳೋದು, ಬಿಲ್ ಕೊಡೋದು, ಇಷ್ಟೂ ಕೆಲಸ ಅದರದ್ದೇ. ಊರಿನ ಕಿರಾಣಿ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂತ ಯಜಮಾನ ಒಬ್ಬನೇ ಮಾಡೋ ಕೆಲಸ ಇದು.

ಇದರಲ್ಲಿ ಎರಡು ಜಾತಿ. ಒಂದು ಬಾಡಿಗೆ ಮನೆ ಇದ್ದ ಹಾಗೆ. ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ಎಲ್ಲ ಅವರೇ ನೋಡಿಕೊಳ್ತಾರೆ. ಕೆನಡಾದ ಶಾಪಿಫೈ ಇಂಥದ್ದು. 2009ರಲ್ಲಿ ನಮ್ಮ ಸಿಡ್ನಿಯಲ್ಲೇ ಶುರುವಾದ ಬಿಗ್‌ಕಾಮರ್ಸ್ ಕೂಡ ಇಂಥದ್ದೇ. ಇನ್ನೊಂದು ಸ್ವಂತ ಮನೆ. ವರ್ಡ್‌ಪ್ರೆಸ್ ಮೇಲೆ ಕೂರುವ ವೂಕಾಮರ್ಸ್, ಓಪನ್‌ಕಾರ್ಟ್ ಈ ಸಾಲಿನವು. ಸಾಫ್ಟ್‌ವೇರ್ ಪುಕ್ಕಟೆ. ಆದರೆ ಜಾಗದ ಬಾಡಿಗೆ, ರಿಪೇರಿ, ಅಪ್‌ಡೇಟ್, ಕಳ್ಳರ ಕಾವಲು ಎಲ್ಲ ನಮ್ಮ ತಲೆ ಮೇಲೆ. ರಾತ್ರಿ ಪಾಳಿ ಮುಗಿಸಿ ಬಂದು ಅಪ್‌ಡೇಟ್ ಹಾಕುವಷ್ಟು ತಾಳ್ಮೆ ಇದೆಯಾ ಅಂತ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ.

ಎರಡರಲ್ಲಿ ಯಾವುದು ಗಟ್ಟಿ? ಎರಡೂ ಶಾಶ್ವತ ಅಲ್ಲ. ಬಿಸಿನೆಸ್ ಕ್ಯಾಟಲಿಸ್ಟ್ ಅನ್ನೋದು ಆಸ್ಟ್ರೇಲಿಯದಲ್ಲೇ ಹುಟ್ಟಿದ ಬಾಡಿಗೆ ವ್ಯವಸ್ಥೆ. 2009ರಲ್ಲಿ ಅಡೋಬಿ ಅದನ್ನು ಕೊಂಡಿತು. 2018ರಲ್ಲಿ ನಿಲ್ಲಿಸುತ್ತೇವೆ ಅಂತ ಹೇಳಿತು, 2021ರಲ್ಲಿ ಬಾಗಿಲು ಹಾಕಿತು. ಅದರಲ್ಲಿ ಅಂಗಡಿ ಇಟ್ಟವರೆಲ್ಲ ಬೇರೆ ಕಡೆ ಹೊಸದಾಗಿ ಕಟ್ಟಬೇಕಾಯಿತು. ಸ್ವಂತ ಮನೆ ಕಥೆಯೂ ಅಷ್ಟೇ. ಮ್ಯಾಜೆಂಟೊದ ಮೊದಲ ಆವೃತ್ತಿಯ ಮೇಲೆ ಎಷ್ಟೋ ಅಂಗಡಿಗಳು ನಿಂತಿದ್ದವು. 2020ರ ಜೂನ್‌ನಲ್ಲಿ ಅದಕ್ಕೆ ಸುರಕ್ಷತೆಯ ಅಪ್‌ಡೇಟ್ ಕೊಡೋದು ನಿಂತಿತು. ಎರಡನೇ ಆವೃತ್ತಿಗೆ ಹೋಗಲು ಹಳೇ ವಿನ್ಯಾಸ ನಡೆಯಲಿಲ್ಲ, ಮತ್ತೆ ಖರ್ಚು.

ಅದಕ್ಕೇ ನಾನು ಹೇಳೋದು, "ಯಾವುದು ಒಳ್ಳೇದು" ಅನ್ನೋದು ಎರಡನೇ ಪ್ರಶ್ನೆ. "ನಾಳೆ ಇದನ್ನು ಬಿಟ್ಟು ಹೋಗಬೇಕಾದರೆ ನನ್ನ ಜೊತೆ ಏನೇನು ಬರುತ್ತೆ" ಅನ್ನೋದು ಮೊದಲನೇದು. ಹೊಸ ಮನೆಗೆ ವೈರಿಂಗ್‌ಗೆ ಹೋದಾಗ ಮೇನ್ ಸ್ವಿಚ್ ಎಲ್ಲಿದೆ ಅಂತ ನೋಡದೆ ನಾವು ಯಾವ ತಂತಿಯನ್ನೂ ಮುಟ್ಟಲ್ಲ. ಅಂಗಡಿಗೂ ಒಂದು ಮೇನ್ ಸ್ವಿಚ್ ಇದೆ, ಅದು ನಿಮ್ಮ ಕೈಲಿರಬೇಕು.

ಒಂದು, ವೆಬ್‌ಸೈಟ್ ಹೆಸರು. ಡಾಟ್ ಕಾಮ್ ಡಾಟ್ ಎಯು ಹೆಸರು ಪಡೆಯಲು ಎಬಿಎನ್ ಇದ್ದರೆ ಸಾಕು. ಅದು ನಿಮ್ಮ ಎಬಿಎನ್ ಮೇಲೇ ನೋಂದಣಿ ಆಗಿರಬೇಕು. ನನಗೆ ಗೊತ್ತಿರುವ ಒಂದು ಕುಟುಂಬ ವೆಬ್‌ಸೈಟ್ ಮಾಡಿಕೊಟ್ಟವನ ಹೆಸರಲ್ಲೇ ನೋಂದಣಿ ಬಿಟ್ಟಿತ್ತು. ಆತ ಫೋನ್ ಎತ್ತೋದು ನಿಲ್ಲಿಸಿದ. ವರ್ಷದ ಹಣ ಕಟ್ಟದೆ ಹೆಸರು ಹೋಯಿತು. ಎರಡು ಸಾವಿರ ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ್ದ ವಿಳಾಸ ಅದು. ನಿಮ್ಮದು ಯಾರ ಹೆಸರಲ್ಲಿದೆ ಅಂತ ಇವತ್ತು ರಾತ್ರಿಯೇ ನೋಡಿ.

ಎರಡು, ಪಟ್ಟಿಗಳು. ಸಾಮಾನಿನ ಪಟ್ಟಿ, ಗಿರಾಕಿಗಳ ಪಟ್ಟಿ, ಹಳೇ ಆರ್ಡರ್‌ಗಳು ಇವನ್ನು ಎಕ್ಸೆಲ್‌ನಲ್ಲಿ ತೆರೆಯುವಂಥ ಫೈಲ್ ಆಗಿ ಇಳಿಸಿಕೊಳ್ಳಲು ಬರಬೇಕು. ಇಲ್ಲಿ ವ್ಯಾಪಾರದ ಲೆಕ್ಕವನ್ನು ತೆರಿಗೆ ಇಲಾಖೆಗಾಗಿ 5 ವರ್ಷ ಇಟ್ಟಿರಬೇಕು. ಕಾರ್ಟ್ ಬಿಟ್ಟ ದಿನವೇ ಲೆಕ್ಕವೂ ಹೋದರೆ ಉತ್ತರ ಕೊಡೋರು ನೀವು. ತಿಂಗಳಿಗೊಮ್ಮೆ ಇಳಿಸಿ ಬೇರೆ ಕಡೆ ಇಡಿ.

ಮೂರು, ದುಡ್ಡು ಬರುವ ಖಾತೆ. ಸ್ಟ್ರೈಪ್ ಆಗಲಿ ಪೇಪಾಲ್ ಆಗಲಿ, ನಿಮ್ಮ ಹೆಸರಲ್ಲಿ ನೀವೇ ತೆರೆಯಿರಿ. ಕಾರ್ಡ್ ನಂಬರ್ ಅವರ ಪುಟದಲ್ಲೇ ಹಾಕುವ ಹಾಗಿರಲಿ. ವಾಟ್ಸಾಪ್‌ನಲ್ಲಿ ಕಾರ್ಡ್ ನಂಬರ್ ತರಿಸಿಕೊಳ್ಳೋದು ಬೇಡವೇ ಬೇಡ.

ಈ ಮೂರೂ ಸರಿ ಇದ್ದ ಮೇಲೆ ಲೆಕ್ಕಕ್ಕೆ ಬನ್ನಿ. ಪ್ರತಿ ಆರ್ಡರ್‌ಗೆ ಶೇಕಡಾ 1.75 ಮತ್ತು ಮೇಲೆ 30 ಸೆಂಟ್ ಕಡಿತ ಅಂತ ಇಟ್ಟುಕೊಳ್ಳಿ. 120 ಡಾಲರ್ ಸೀರೆಗೆ 2 ಡಾಲರ್ 40 ಸೆಂಟ್ ಹೋಗುತ್ತೆ, ಅಂದರೆ ನೂರಕ್ಕೆ 2. ಅದೇ 12 ಡಾಲರ್ ಸಾಂಬಾರ್ ಪುಡಿಗೆ 51 ಸೆಂಟ್, ಅಂದರೆ ನೂರಕ್ಕೆ 4 ದಾಟಿತು. ಸಣ್ಣ ಸಾಮಾನು ಮಾರೋರಿಗೆ ಈ 30 ಸೆಂಟ್ ಹೆಚ್ಚು ಕಚ್ಚುತ್ತೆ. ಮೂರು ಪೊಟ್ಟಣ ಒಟ್ಟಿಗೆ ಕೊಂಡರೆ ರಿಯಾಯಿತಿ ಅನ್ನುವ ಅನುಕೂಲ ಇರೋ ಕಾರ್ಟ್ ಇಂಥವರಿಗೆ ಬೇಕು. ಶಾಪಿಫೈನಲ್ಲಿ ಅವರದೇ ಪಾವತಿ ವ್ಯವಸ್ಥೆ ಬಿಟ್ಟು ಬೇರೆಯದು ಬಳಸಿದರೆ ಮೇಲೊಂದು ಕಡಿತವೂ ಇದೆ, ಅದನ್ನೂ ಸೇರಿಸಿ ನೋಡಿ.

ಆಮೇಲೆ ಅಂಚೆ. ವೆಂಟ್‌ವರ್ತ್‌ವಿಲ್‌ನಿಂದ ಟಾರ್ನೀಟ್‌ಗೆ ಒಂದು ಡಬ್ಬ ಚಕ್ಕುಲಿ ಕಳಿಸಬೇಕು. ತೂಕ 2 ಕೆಜಿ. ಡಬ್ಬ 40 ಸೆಂಟಿಮೀಟರ್ ಉದ್ದ, 30 ಅಗಲ, 20 ಎತ್ತರ. ಆಸ್ಟ್ರೇಲಿಯ ಪೋಸ್ಟ್‌ನವರು ಡಬ್ಬದ ಗಾತ್ರವನ್ನೂ ತೂಕಕ್ಕೆ ತಿರುಗಿಸ್ತಾರೆ, ಒಂದು ಘನ ಮೀಟರ್‌ಗೆ 250 ಕೆಜಿ ಲೆಕ್ಕ. ಹಾಗೆ ನೋಡಿದರೆ ಈ ಡಬ್ಬ 6 ಕೆಜಿ! ಹುರಿಹಿಟ್ಟಿಗೆ ಈ ತೊಂದರೆ ಇಲ್ಲ, ಚಕ್ಕುಲಿಗೆ ಇದೆ. ಬರೀ ತೂಕ ಕೇಳಿ ಗಾತ್ರ ಕೇಳದ ಕಾರ್ಟ್ ಇದ್ದರೆ ಪ್ರತಿ ಡಬ್ಬಕ್ಕೂ ಕೈಯಿಂದ ಹಾಕ್ತೀರಿ.

ಇನ್ನು ಜಿಎಸ್‌ಟಿ. ವರ್ಷದ ವಹಿವಾಟು 75,000 ಡಾಲರ್ ಮುಟ್ಟುವವರೆಗೆ ನೋಂದಣಿ ಕಡ್ಡಾಯ ಅಲ್ಲ. ಆದರೆ ನಮ್ಮಲ್ಲಿ ಊಬರ್ ಓಡಿಸೋರು ಬಹಳ ಜನ ಇದ್ದೀರಿ. ಊಬರ್‌ಗೆ ಮೊದಲ ಡಾಲರ್‌ನಿಂದಲೇ ನೋಂದಣಿ ಬೇಕು. ಅದೇ ಎಬಿಎನ್‌ನಲ್ಲಿ ನೀವು ತಿಂಡಿ ಮಾರಿದರೆ ಆ ವ್ಯಾಪಾರಕ್ಕೂ ಜಿಎಸ್‌ಟಿ ತಗುಲುತ್ತೆ. ಮಸಾಲೆ ಪುಡಿ, ಹಿಟ್ಟಿಗೆ ತೆರಿಗೆ ಇಲ್ಲ. ಕುರುಕಲು ತಿಂಡಿ, ಮೈಸೂರು ಪಾಕಿನಂಥ ಸಿಹಿಗೆ ಶೇಕಡಾ 10 ಇದೆ. ಆದ್ದರಿಂದ ಒಂದೊಂದು ಸಾಮಾನಿಗೂ ಬೇರೆ ಬೇರೆ ತೆರಿಗೆ ಹಾಕಲು ಬರುವ ಕಾರ್ಟೇ ಬೇಕು. ಮನೆಯಲ್ಲಿ ಮಾಡಿದ ತಿಂಡಿ ಮಾರುವ ಮುಂಚೆ ನಿಮ್ಮ ಕೌನ್ಸಿಲ್‌ನಲ್ಲಿ ವಿಚಾರಿಸೋದನ್ನೂ ಮರೆಯಬೇಡಿ.

ನಮಗೇ ಸೇರಿದ ಒಂದು ಪರೀಕ್ಷೆಯೂ ಇದೆ. ಸಾಮಾನಿನ ಹೆಸರು ಕನ್ನಡದಲ್ಲಿ ಬರೆದು ಒಂದು ಬಿಲ್ ತೆಗೆದು ನೋಡಿ. ಪರದೆ ಮೇಲೆ ಚೆನ್ನಾಗಿ ಕಂಡ "ಚಕ್ಕುಲಿ" ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆದು, ಇಲ್ಲವೇ ಬರೀ ಚೌಕಗಳಾಗಿ ಬರೋದುಂಟು. ಗಿರಾಕಿ ಅಜ್ಜಿಗೆ ಅದು ಓದಲು ಬರಬೇಕಲ್ಲ.

ಕೊನೆಗೆ ನನ್ನ ಸಲಹೆ. ವಾರಕ್ಕೆ ನಾಲ್ಕೈದು ಆರ್ಡರ್ ಬರುವ ತನಕ ಕಾರ್ಟೇ ಬೇಡ. ಸಾಮಾನಿನ ಪಟ್ಟಿ ಇರುವ ಒಂದು ಪುಟ, ದುಡ್ಡಿಗೆ ಪೇಐಡಿ ಸಾಕು. ಅದಕ್ಕಿಂತ ಹೆಚ್ಚಾಗಿ, ಕೆಲಸದ ನಡುವೆ ಬಿಡುವಿಲ್ಲದಿದ್ದರೆ ಬಾಡಿಗೆಯದನ್ನು ಹಿಡಿಯಿರಿ. ಮನೆಯಲ್ಲಿ ಯಾರಾದರೂ ಕಂಪ್ಯೂಟರ್ ಮುಂದೆ ಕೂರುವವರಿದ್ದರೆ ವೂಕಾಮರ್ಸ್ ಆದೀತು. ಯಾವುದೇ ಆಗಲಿ, ಹಣ ಕಟ್ಟುವ ಮುಂಚೆ ಉಚಿತ ಪ್ರಯೋಗದ ದಿನಗಳಲ್ಲಿ ಹತ್ತು ಸುಳ್ಳು ಆರ್ಡರ್ ಹಾಕಿ: ಒಂದು ಪರ್ತ್‌ಗೆ, ಒಂದು ಮೆಲ್ಬರ್ನ್‌ಗೆ, ಒಂದು ತೆರಿಗೆ ಇರೋದು, ಒಂದು ಇಲ್ಲದ್ದು, ಒಂದು ವಾಪಸ್ ಬಂದದ್ದು. ಆಮೇಲೆ ಎಲ್ಲ ಪಟ್ಟಿಯನ್ನೂ ಇಳಿಸಿ ತೆರೆದು ನೋಡಿ. ಪೂರ್ತಿ ಇಳಿದು ಬಂದರೆ ಮಾತ್ರ ಕಾರ್ಡ್ ತೆಗೆಯಿರಿ.

ಓವರ್‌ಟೈಮ್ ಮಾಡಿ ಕೂಡಿಟ್ಟ ದುಡ್ಡು ನಮ್ಮದು. ಅಂಗಡಿ ಯಾರ ಜಾಗದಲ್ಲಾದರೂ ಇರಲಿ, ಹೆಸರು, ಲೆಕ್ಕ, ಗಿರಾಕಿ ನಮ್ಮ ಕೈಲಿರಲಿ. ಏನಾದರೂ ಕೇಳೋದಿದ್ದರೆ ಊಟದ ಸಾಲಿನಲ್ಲಿ ಸಿಗ್ತೀನಿ, ಫೋನ್ ತೆರೆದು ತೋರಿಸಿ, ಒಟ್ಟಿಗೆ ನೋಡೋಣ.