ಬಿಡದ ಪುಲ್ಲಿಯನ್ನು ಬಿಡಿಸೋಣ
(ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತು)



ನಿಮ್ಮ ಸಂಘ ಹಳೆಯ ಹಿಟ್ಟಿನ ಗಿರಣಿ ಕೊಂಡಿದೆ. ಅದು ನಿಮ್ಮ ಉಳಿತಾಯದ ದುಡ್ಡು. ರಾಗಿ, ಜೋಳ ತಲೆ ಮೇಲೆ ಹೊತ್ತು ಪಕ್ಕದ ಊರಿಗೆ ಹೋಗೋದು ತಪ್ಪಲಿ ಅಂತ ಕೊಂಡಿರಿ. ಆದರೆ ಗಿರಣಿ ಬಹಳ ದಿನ ಮೂಲೆಯಲ್ಲಿ ನಿಂತಿತ್ತು. ಬೇರಿಂಗು ಸವೆದಿದೆ. ಬೇರಿಂಗು ಬದಲಿಸಲು ಪುಲ್ಲಿ ಹೊರಗೆ ಬರಬೇಕು. ಪುಲ್ಲಿ ಜಪ್ಪಯ್ಯ ಅಂದರೂ ಅಲುಗಾಡೋದಿಲ್ಲ.

"ಸುತ್ತಿಗೆ ತಗೊಂಡು ನಾಲ್ಕು ಬಾರಿಸಿ, ತಾನಾಗಿ ಬರುತ್ತೆ" ಅನ್ನುವವರು ಇರ್ತಾರೆ. ಅವರ ಮಾತು ಕೇಳಬೇಡಿ. ಪುಲ್ಲಿ ಬೀಡು ಕಬ್ಬಿಣದ್ದು. ಬೀಡು ಗಟ್ಟಿ, ಆದರೆ ಪೆಡಸು. ಅಂಚಿಗೆ ಏಟು ಬಿದ್ದರೆ ಮಡಕೆಯ ಹಾಗೆ ಒಡೆಯುತ್ತೆ. ಒಡೆದರೆ ಹೊಸ ಪುಲ್ಲಿಗೆ ಮತ್ತೆ ದುಡ್ಡು. ಏಟಿಗೆ ಒಳಗಿನ ಷಾಫ್ಟು ಬಾಗಿದರೆ ಇನ್ನೂ ದೊಡ್ಡ ಖರ್ಚು.

ಪುಲ್ಲಿ ಯಾಕೆ ಸಿಕ್ಕಿಕೊಳ್ಳುತ್ತೆ? ಬೀಸುಕಲ್ಲಿನ ಗೂಟ ನೋಡಿದ್ದೀರಿ. ಮಳೆಗಾಲದಲ್ಲಿ ಅದು ಉಬ್ಬಿ ಬಿಗಿಯಾಗುತ್ತೆ. ಎಳೆದರೂ ಬರೋದಿಲ್ಲ. ಇಲ್ಲೂ ಹಾಗೇ. ಕಬ್ಬಿಣ ತುಕ್ಕು ಹಿಡಿದರೆ ಆ ತುಕ್ಕು ಹೆಚ್ಚು ಜಾಗ ಬೇಡುತ್ತೆ. ಪುಲ್ಲಿಗೂ ಷಾಫ್ಟಿಗೂ ನಡುವೆ ಇರೋದು ಕೂದಲೆಳೆಯಷ್ಟು ಸಂದು. ತುಕ್ಕು ಅಲ್ಲಿ ಉಬ್ಬಿ ಎರಡನ್ನೂ ಕಚ್ಚಿ ಹಿಡಿಯುತ್ತೆ. ಆದ್ದರಿಂದ ಬಲ ಸಾಲದು. ಉಪಾಯ ಬೇಕು, ತಾಳ್ಮೆ ಬೇಕು.

ಈಗ ಕೆಲಸ ಹೇಳ್ತೀನಿ. ಒಂದೊಂದಾಗಿ ಕೇಳಿ.

1. ಮೊದಲು ಕರೆಂಟು. ಸ್ವಿಚ್ಚು ಆರಿಸಿದರೆ ಸಾಲದು. ಫ್ಯೂಸು ಕಿತ್ತು ಒಬ್ಬರ ಸೊಂಟದ ಚೀಲದಲ್ಲಿ ಇಟ್ಟುಕೊಳ್ಳಿ. ಕೆಲಸ ಮುಗಿಯೋವರೆಗೆ ಅದು ಅವರ ಹತ್ತಿರವೇ ಇರಲಿ. ಆಮೇಲೆ ಬೆಲ್ಟು ಬಿಚ್ಚಿ.

2. ಬಿಚ್ಚುವ ಮೊದಲು ಬರೆದುಕೊಳ್ಳಿ. ಪುಲ್ಲಿಯ ಯಾವ ಮುಖ ಹೊರಗಿದೆ? ಷಾಫ್ಟಿನ ತುದಿಯಿಂದ ಎಷ್ಟು ಒಳಗಿದೆ? ಬೆಲ್ಟಿನ ಮೇಲೆ ಬಿ 60 ಅಂತ ಇದ್ದರೆ ಅದನ್ನೂ ಬರೆಯಿರಿ. 'ಬಿ' ಅಂದರೆ ಬೆಲ್ಟಿನ ದಪ್ಪದ ಗುರುತು. 60 ಅಂದರೆ ಬೆಲ್ಟಿನ ಒಳಸುತ್ತು 60 ಅಂಗುಲ. ಅಂಗಡಿಯವನು ಬೇರೆ ಬೆಲ್ಟು ಕೊಟ್ಟರೆ ನೀವೇ ಓದಿ ಹಿಂದಕ್ಕೆ ಕೊಡಬಹುದು.

3. ಪುಲ್ಲಿಯ ನಡುವೆ ಗುಬ್ಬದ ಮೇಲೆ ಚಿಕ್ಕ ತೂತು ಹುಡುಕಿ. ಅದರಲ್ಲಿ ತಲೆ ಇಲ್ಲದ ಸ್ಕ್ರೂ ಇರುತ್ತೆ. ತೂತಿನ ತುಂಬ ಹಿಟ್ಟು, ಜಿಡ್ಡು ತುಂಬಿ ಕಾಣದೆ ಇರಬಹುದು. ಕೆರೆದು ನೋಡಿ. ಸ್ಕ್ರೂ ತೆಗೆದ ಮೇಲೆ ದೀಪ ಹಿಡಿದು ಮತ್ತೆ ನೋಡಿ. ಕೆಲವು ಸಲ ಒಂದರ ಕೆಳಗೆ ಇನ್ನೊಂದು ಸ್ಕ್ರೂ ಇರುತ್ತೆ. ಅದು ಒಳಗೇ ಉಳಿದರೆ ಎಷ್ಟು ಎಳೆದರೂ ವ್ಯರ್ಥ. ಷಾಫ್ಟಿಗೂ ಪುಲ್ಲಿಗೂ ನಡುವೆ ಬೆಣೆ ಇರುತ್ತೆ. ಬೆಣೆಗೆ ತಲೆ ಇದ್ದರೆ ಅದನ್ನು ಮೊದಲು ಹೊರಗೆ ಎಳೆಯಬೇಕು.

4. ಹೊರಗೆ ಕಾಣುವ ಷಾಫ್ಟಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ. ಪುಲ್ಲಿ ಹೊರಗೆ ಬರುವ ದಾರಿ ಅದೇ. ದಾರಿ ನುಣುಪಾಗಿರಬೇಕು.

5. ತುಕ್ಕು ಬಿಡಿಸುವ ಎಣ್ಣೆ ಅಂಗಡಿಯಲ್ಲಿ ಸಿಗುತ್ತೆ. ಸಂದಿಗೆ ಹಾಕಿ. ಸ್ಕ್ರೂ ತೂತಿಗೂ ಹಾಕಿ. ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಮತ್ತೆ ಹಾಕಿ. ಎಣ್ಣೆ ಸಂದಿಗೆ ಇಳಿಯೋಕೆ ಹೊತ್ತು ಬೇಕು.

6. ಈಗ ಪುಲ್ಲರ್ ಬೇಕು. ಅದಕ್ಕೆ ಮೂರು ಕಾಲು, ನಡುವೆ ಒಂದು ಉದ್ದ ಬೋಲ್ಟು. ಕಾಲುಗಳನ್ನು ಪುಲ್ಲಿಯ ಹಿಂದೆ, ಗುಬ್ಬಕ್ಕೆ ಸಿಕ್ಕಿಸಬೇಕು. ತೆಳು ಅಂಚಿಗೆ ಸಿಕ್ಕಿಸಿದರೆ ಅಂಚು ಮುರಿಯುತ್ತೆ. ಬೋಲ್ಟು ಷಾಫ್ಟಿನ ನಟ್ಟನಡುವೆ ಕೂರಬೇಕು. ಸ್ವಲ್ಪ ಬಿಗಿ ಮಾಡಿ. ಬೋಲ್ಟಿನ ತಲೆಗೆ ಮೆಲ್ಲಗೆ ಒಂದು ತಟ್ಟು. ಕಾಯಿರಿ. ಮತ್ತೆ ಸ್ವಲ್ಪ ಬಿಗಿ. ಪುಲ್ಲರಿನ ಎದುರಿಗೆ ಮುಖ ಇಡಬೇಡಿ. ಕಾಲು ಜಾರಿದರೆ ಸಿಡಿಯುತ್ತೆ. ಪಕ್ಕಕ್ಕೆ ನಿಲ್ಲಿ.

7. ಇಷ್ಟಕ್ಕೂ ಬರದಿದ್ದರೆ ಕಾಸಬೇಕು. ಒಂದರೊಳಗೆ ಒಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳನ್ನು ಹೇಗೆ ಬಿಡಿಸ್ತೀರಿ? ಒಳಗಿನದಕ್ಕೆ ತಣ್ಣೀರು ಹಾಕಿ, ಹೊರಗಿನದನ್ನು ಬಿಸಿನೀರಲ್ಲಿ ಇಡ್ತೀರಿ. ಹೊರಗಿನ ಲೋಟ ಹಿಗ್ಗಿ ಸಡಿಲ ಆಗುತ್ತೆ. ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿ ಕೂರಿಸುವಾಗ ಕಮ್ಮಾರ ಕಾಸಿ ಹಾಕೋದೂ ಇದಕ್ಕೇ. ಪುಲ್ಲಿಯ ಗುಬ್ಬವನ್ನು ಸುತ್ತಲೂ ಸಮನಾಗಿ ಕಾಸಿದರೆ ಅದು ಹಿಗ್ಗುತ್ತೆ. ಆಗ ಪುಲ್ಲರ್ ತಿರುಗಿಸಿದರೆ ಟಕ್ ಅಂತ ಬಿಡುತ್ತೆ.

ಆದರೆ ಕಾಸೋದು ಹುಡುಗಾಟ ಅಲ್ಲ. ಕೆಲಸ ಬಲ್ಲ ಮೆಕ್ಯಾನಿಕ್ಕನ್ನು ಕರೆಸಿ. ಮೊದಲು ಎಣ್ಣೆ ಒರೆಸಿ, ಎಣ್ಣೆ ಡಬ್ಬಿ ದೂರ ಇಡಿ. ನೆಲದ ಮೇಲಿನ ಹಿಟ್ಟು ಗುಡಿಸಿ. ಗಾಳಿಯಲ್ಲಿ ಹಾರುವ ಹಿಟ್ಟಿಗೂ ಬೆಂಕಿ ಹತ್ತುತ್ತೆ. ಕಾದ ಬೀಡಿಗೆ ನೀರು ಸುರಿಯಬೇಡಿ. ಸೀಳು ಬಿಡುತ್ತೆ. ತಾನಾಗಿ ಆರಲಿ.

ಪುಲ್ಲಿ ಬಂತು. ಬೇರಿಂಗು ಹೊಸದಾಯಿತು. ತಿರುಗಿ ಕೂರಿಸುವಾಗ ಷಾಫ್ಟು ಉಜ್ಜಿ, ತೆಳ್ಳಗೆ ಗ್ರೀಸು ಸವರಿ. ಇವತ್ತಿನ ಈ ಸವರಿಕೆ ಮುಂದಿನ ಸಲದ ಕಷ್ಟ ತಪ್ಪಿಸುತ್ತೆ. ಎರಡು ಪುಲ್ಲಿಗಳ ಮುಖಕ್ಕೆ ಒಂದು ದಾರ ಎಳೆದು ಹಿಡಿಯಿರಿ. ದಾರ ಎರಡಕ್ಕೂ ನೇರವಾಗಿ ತಾಗಬೇಕು. ಓರೆ ಇದ್ದರೆ ಬೆಲ್ಟು ಬೇಗ ಸವೆಯುತ್ತೆ.

ಮೋಟಾರಿನ ತಗಡನ್ನೂ ಓದಿ. 1440 ಅಂತ ಇದ್ದರೆ ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತೆ. ಮೋಟಾರಿನ ಪುಲ್ಲಿ 4 ಅಂಗುಲ, ಗಿರಣಿಯದು 8 ಅಂಗುಲ ಅಂದುಕೊಳ್ಳಿ. ಆಗ ಗಿರಣಿಗೆ ಅರ್ಧ, 720 ಸುತ್ತು. ಅಳತೆ ತಪ್ಪಿದ ಪುಲ್ಲಿ ಹಾಕಿದರೆ ವೇಗ ಹೆಚ್ಚಾಗಿ ಕಲ್ಲು ಒಡೆಯಬಹುದು. ಇಲ್ಲಿ ಲೆಕ್ಕವೇ ನಿಮ್ಮ ಕಾವಲು.

ಇನ್ನೊಂದು ಮಾತು. ಬೆಲ್ಟಿಗೆ ತಗಡಿನ ಮುಚ್ಚಳ ಹಾಕದೆ ಗಿರಣಿ ಓಡಿಸಲೇಬೇಡಿ. ಸೆರಗು, ಜಡೆ, ದುಪ್ಪಟ್ಟ ಬೆಲ್ಟಿಗೆ ಸಿಕ್ಕಿದರೆ ಕಣ್ಣು ಮುಚ್ಚಿ ತೆರೆಯೋದರೊಳಗೆ ಎಳೆದುಕೊಳ್ಳುತ್ತೆ. ಎಷ್ಟೋ ಹೆಂಗಸರು ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಸೆರಗು ಸಿಕ್ಕಿಸಿ, ತುರುಬು ಕಟ್ಟಿ. ಆಮೇಲೆ ಸ್ವಿಚ್ಚು.

"ಇದು ಗಂಡಸರ ಕೆಲಸ" ಅಂತೀರಾ? ಉತ್ತರ ಪ್ರದೇಶದ ಬಾಂದಾ ಜಿಲ್ಲೆಯ ಕಥೆ ಕೇಳಿ. 1990ರ ದಶಕದ ಆರಂಭದಲ್ಲಿ ಮಹಿಳಾ ಸಮಾಖ್ಯಾ ಯೋಜನೆಯಲ್ಲಿ ಅಲ್ಲಿನ ಬಡ ಹೆಂಗಸರು ಕೈಪಂಪು ರಿಪೇರಿ ಕಲಿತರು. ಸ್ಪ್ಯಾನರು ಹಿಡಿದ ಮೇಲೆ, ಮಾಡಿದ ಕೆಲಸ ಬರೆದಿಡಲು ಓದು ಬರಹ ಬೇಕು ಅಂತ ಅವರೇ ಕೇಳಿದರು. ಅವರಿಗೆ ಕೆಲಸವೇ ಅಕ್ಷರದ ದಾರಿ ತೋರಿಸಿತು. ನಿಮಗೆ ಅಕ್ಷರ ಆಗಲೇ ಬಂದಿದೆ. ಅದು ಕೆಲಸದ ದಾರಿ ತೋರಿಸಲಿ.

ಗಿರಣಿ ಪಕ್ಕದಲ್ಲಿ ಒಂದು ಪುಸ್ತಕ ನೇತುಹಾಕಿ. ಗ್ರೀಸು ಹಾಕಿದ ದಿನ, ಬೆಲ್ಟು ಬದಲಿಸಿದ ದಿನ ಬರೆಯಿರಿ. ಕೆಳಗೆ ನಿಮ್ಮ ಸಹಿ ಇರಲಿ. ಹೆಬ್ಬೆಟ್ಟು ಅಲ್ಲ, ಸಹಿ.

ಓದಿ, ಚರ್ಚಿಸಿ:
- ಪುಲ್ಲಿಯ ಅಂಚಿಗೆ ಸುತ್ತಿಗೆಯಿಂದ ಯಾಕೆ ಹೊಡೆಯಬಾರದು?
- ನಿಮ್ಮ ಊರಿನ ಗಿರಣಿಯ ಬೆಲ್ಟಿಗೆ ಮುಚ್ಚಳ ಇದೆಯೇ? ಇಲ್ಲದಿದ್ದರೆ ಏನು ಮಾಡುವಿರಿ?
- ಮೋಟಾರು 1440 ಸುತ್ತು. ಅದರ ಪುಲ್ಲಿ 3 ಅಂಗುಲ, ಗಿರಣಿಯದು 9 ಅಂಗುಲ. ಗಿರಣಿ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ?