ಆಮೆಯ ಮರಿಗೊಂದು ನೆಲೆ

ಆಮೆಯನ್ನು ಕುರಿತು ನಮ್ಮವರಿಗೆ ಹೊಸದಾಗಿ ಹೇಳಬೇಕಾದದ್ದು ಏನೂ ಇಲ್ಲವೆಂದು ತೋರಬಹುದು. ಮಂದರ ಪರ್ವತವನ್ನು ಬೆನ್ನ ಮೇಲೆ ಹೊತ್ತದ್ದು ಆಮೆ. ಸ್ಥಿತಪ್ರಜ್ಞನಿಗೆ ಗೀತಾಚಾರ್ಯನು ಕೊಟ್ಟ ಹೋಲಿಕೆ ಆಮೆ. ಮೊಲದೊಡನೆ ಪಂದ್ಯ ಕಟ್ಟಿ ಗೆದ್ದದ್ದೂ ಆಮೆಯೇ. ಇಷ್ಟೊಂದು ಭಾರವನ್ನೂ ಗೌರವವನ್ನೂ ಹೊರಿಸಿದ ಮೇಲೆ, ಆ ಪ್ರಾಣಿಗೆ ಇರಲು ಎಂಥ ಜಾಗ ಬೇಕು ಎಂದು ಕೇಳುವುದನ್ನು ನಾವು ಮರೆತೆವು. ನಾನಂತೂ ಮರೆತಿದ್ದೆ. ಆ ಮರೆವಿನಿಂದ ಒಂದು ಆಮೆ ಸತ್ತಿತು; ಇನ್ನೊಂದು ಸಾಯುವುದರಲ್ಲಿತ್ತು. ಆ ಎರಡು ಆಮೆಗಳ ವಿಷಯವನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲನೆಯದು 1960ರ ಮಾತು. ಕೋಲಾರದ ಕಡೆಯ ನಮ್ಮ ಊರಿನಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಬೇಲಿಯ ಬುಡದಿಂದ ನಕ್ಷತ್ರದ ಆಮೆಗಳು ಹೊರಡುತ್ತಿದ್ದವು. ಕಪ್ಪು ಚಿಪ್ಪಿನ ಮೇಲೆ ಹಳದಿಯ ಗೆರೆಗಳು, ಯಾರೋ ಕುಳಿತು ರಂಗೋಲಿ ಎಳೆದಂತೆ. ನಿಂಬೆಹಣ್ಣಿನಷ್ಟು ದೊಡ್ಡದಾದ ಒಂದು ಮರಿಯನ್ನು ಎತ್ತಿಕೊಂಡು ಬಂದು ಬಿದಿರಿನ ಬುಟ್ಟಿಯಲ್ಲಿಟ್ಟೆ. ಆಗ ನನಗೆ ಒಂಬತ್ತು ವರ್ಷ. ಅನ್ನ ಹಾಕಿದೆ, ಬಾಳೆಹಣ್ಣು ಹಾಕಿದೆ, ಆಮೆಯಲ್ಲವೆ ಎಂದು ದಿನಕ್ಕೊಮ್ಮೆ ಬಕೆಟ್ಟಿನ ನೀರಿನಲ್ಲಿ ಈಜಲು ಬಿಟ್ಟೆ. ಪಾಪ, ಅದು ನೆಲದ ಪ್ರಾಣಿ. ಈಜು ಅದಕ್ಕೆ ಬಾರದು. ನೀರಿನ ಆಮೆಗೂ ನೆಲದ ಆಮೆಗೂ ನಮ್ಮ ಆಡುಮಾತಿನಲ್ಲಿ ಒಂದೇ ಹೆಸರು ಇರುವುದರಿಂದ ಈ ತಪ್ಪು ನನ್ನೊಬ್ಬನದೇ ಅಲ್ಲವೆಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಹೇಗೋ ಮುಳುಗದೆ ಉಳಿಯಿತು. ಆದರೆ ದೀಪಾವಳಿಯ ಹೊತ್ತಿಗೆ ಅದರ ಚಿಪ್ಪು ಬೆರಳೊತ್ತಿದರೆ ತಗ್ಗುವಷ್ಟು ಮೆತ್ತಗಾಯಿತು. ಒಂದು ಬೆಳಗ್ಗೆ ಸತ್ತಿತ್ತು. ಮನೆಯಲ್ಲಿ ಯಾರೂ ಬೈಯಲಿಲ್ಲ. ಹಾಗಾಗಿ ಬಹಳ ದಿನ ನೆನಪಿನಲ್ಲಿ ಉಳಿಯಿತು.

ಎರಡನೆಯ ಆಮೆಯ ಪರಿಚಯ ಆದದ್ದು ಇಂಗ್ಲೆಂಡಿನಲ್ಲಿ, 2024ರ ಫೆಬ್ರವರಿಯಲ್ಲಿ. ನನ್ನ ಮಗಳ ಮನೆ ರೆಡಿಂಗ್ ಪಟ್ಟಣದಲ್ಲಿದೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಒಂದು ಹರ್ಮನ್ ಆಮೆಯ ಮರಿಯನ್ನು ತಂದಿದ್ದರು. ಸ್ಪೇನಿನಿಂದ ಬಾಲ್ಕನ್ ದೇಶಗಳವರೆಗೆ ಮೆಡಿಟರೇನಿಯನ್ ಸಮುದ್ರದ ಉತ್ತರ ದಂಡೆಯ ಕುರುಚಲು ನೆಲ ಇದರ ತವರು. ಆ ದೇಶದಲ್ಲಿ ಇದನ್ನು ಮಾರಬೇಕಾದರೆ ಸಾಕಿದವರ ಮನೆಯಲ್ಲೇ ಹುಟ್ಟಿದ್ದೆಂಬ ಸರಕಾರದ ಪ್ರಮಾಣಪತ್ರ ಬೇಕು. ನಮ್ಮ ಮರಿಗೂ ಪತ್ರವಿತ್ತು. ತೂಕ 18 ಗ್ರಾಂ. ಮೊಮ್ಮಗಳು ಅದಕ್ಕೆ ಬಟನ್ ಎಂದು ಹೆಸರಿಟ್ಟಿದ್ದಳು. ನಾನು ಕೂರ್ಮಪ್ಪ ಎಂದು ಕರೆದೆ. ಗಂಡೋ ಹೆಣ್ಣೋ ತಿಳಿಯಲು ಇನ್ನೂ ಕೆಲವು ವರ್ಷ ಕಾಯಬೇಕೆಂದು ಆಮೇಲೆ ತಿಳಿಯಿತು.

ಅಂಗಡಿಯವನು ಆಮೆಯ ಜೊತೆಗೆ ಒಂದು ಗಾಜಿನ ಪೆಟ್ಟಿಗೆಯನ್ನೂ ಒಣ ಮರದ ಹೊಟ್ಟಿನ ಒಂದು ಚೀಲವನ್ನೂ ಮಾರಿದ್ದ. ನೋಡುವುದಕ್ಕೆ ಬಲು ಚೆಂದ. ಮರಿ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಗಾಜಿಗೆ ಮುಖ ಒತ್ತಿ ನಡೆಯುತ್ತಲೇ ಇರುತ್ತಿತ್ತು. ಗಾಜು ಎಂಬುದು ಆಮೆಯ ಬುದ್ಧಿಗೆ ನಿಲುಕುವ ವಸ್ತುವಲ್ಲ. ಕಣ್ಣಿಗೆ ಕಾಣುವ ಕಡೆಗೆ ಹೋಗಲಾಗದು ಎಂಬುದನ್ನು ಅದು ಹೇಗೆ ನಂಬೀತು?

ಏಪ್ರಿಲಿನ ಒಂದು ಮಧ್ಯಾಹ್ನ ಮನೆಯಲ್ಲಿ ನಾನೊಬ್ಬನೇ ಇದ್ದೆ. ಆ ಊರಿಗೆ ಅಪರೂಪವಾದ ಬಿಸಿಲು ಬಂತು. ನಮ್ಮ ಕಡೆಯ ಬಿಸಿಲಿನ ಪ್ರಾಣಿಯನ್ನು ನೆನೆದು, ಇದಕ್ಕೂ ಸ್ವಲ್ಪ ಸುಖವಾಗಲೆಂದು ಗಾಜಿನ ಪೆಟ್ಟಿಗೆಯನ್ನು ದಕ್ಷಿಣದ ಕಿಟಕಿಗೆ ಒತ್ತಿಟ್ಟು, ಪತ್ರಿಕೆ ಹಿಡಿದು ಕುಳಿತೆ. ಮುಕ್ಕಾಲು ಗಂಟೆಯ ಮೇಲೆ ನೋಡಿದರೆ ಮರಿ ಮೂಲೆಯಲ್ಲಿ ಕತ್ತು ಚಾಚಿ ಬಿದ್ದಿತ್ತು, ಬಾಯಲ್ಲಿ ನೊರೆ. ಉಗುರುಬೆಚ್ಚಗಿನ ನೀರಿನ ಬಟ್ಟಲಲ್ಲಿಟ್ಟು, ಮಗಳಿಗೆ ಫೋನ್ ಮಾಡಿ, ಪಶುವೈದ್ಯೆಯ ಬಳಿಗೆ ಓಡಿದೆವು. ಬದುಕಿತು. ಮಗಳು ಒಂದೇ ಮಾತು ಕೇಳಿದಳು: “ಅಪ್ಪ, ಅದು ಬಿಸಿಲಿನಿಂದ ಎಲ್ಲಿಗೆ ಹೋಗಬೇಕಿತ್ತು?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೆಯ ದೇಹ ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ನಾವು ಚಳಿಯಾದರೆ ನಡುಗುತ್ತೇವೆ, ಸೆಕೆಯಾದರೆ ಬೆವರುತ್ತೇವೆ. ಅದಕ್ಕೆ ಇರುವ ಉಪಾಯ ಒಂದೇ, ಜಾಗ ಬದಲಿಸುವುದು. ಬಿಸಿಲಿಗೆ ಬರುತ್ತದೆ, ನೆರಳಿಗೆ ಸರಿಯುತ್ತದೆ, ಮಣ್ಣಿಗೆ ಇಳಿಯುತ್ತದೆ. ಇಡೀ ಪೆಟ್ಟಿಗೆಯೇ ಬಿಸಿಯಾದರೆ ಅದರ ಕಾಲುಗಳನ್ನು ಕಟ್ಟಿಹಾಕಿದಂತೆಯೇ ಸರಿ.

ಇದನ್ನು ನನಗಿಂತ ಎರಡು ಶತಮಾನ ಮೊದಲೇ ಕಣ್ಣಿಟ್ಟು ನೋಡಿದ್ದವನು ಒಬ್ಬ ಪಾದ್ರಿ. ರೆಡಿಂಗಿನಿಂದ ಸುಮಾರು ಒಂದು ಗಂಟೆಯ ಹಾದಿಯಲ್ಲಿ ಸೆಲ್ಬೋರ್ನ್ ಎಂಬ ಹಳ್ಳಿಯಿದೆ. 1789ರಲ್ಲಿ ಆ ಹಳ್ಳಿಯ ಪ್ರಕೃತಿಯನ್ನು ಕುರಿತು ಹೆಸರಾಂತ ಗ್ರಂಥವನ್ನು ಪ್ರಕಟಿಸಿದ ಗಿಲ್ಬರ್ಟ್ ವೈಟ್ ಅಲ್ಲಿಯವನು. ಸೋದರತ್ತೆ ತೀರಿಕೊಂಡ ಮೇಲೆ, 1780ರಲ್ಲಿ, ಅವಳ ಆಮೆ ತಿಮೋಥಿಯನ್ನು ಅವನು ಮನೆಗೆ ತಂದ. ಶರತ್ಕಾಲದ ಇಳಿಬಿಸಿಲಿನಲ್ಲಿ ಅದು ಗೋಡೆಗೆ ತನ್ನ ಚಿಪ್ಪನ್ನು ಓರೆಯಾಗಿ ಒರಗಿಸಿ, ಕ್ಷೀಣವಾದ ಕಿರಣಗಳನ್ನು ಹೆಚ್ಚು ಪಡೆಯುತ್ತಿದ್ದುದನ್ನು ಗುರುತಿಸಿ ಬರೆದಿದ್ದಾನೆ. ಲೇಖಕನಿಗಿಂತ ಒಂದು ವರ್ಷ ಹೆಚ್ಚಾಗಿ ಬದುಕಿ 1794ರಲ್ಲಿ ತಿಮೋಥಿ ಸತ್ತಿತು. ಚಿಪ್ಪು ಲಂಡನ್ನಿನ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ಸೇರಿತು. ಪರೀಕ್ಷಿಸಿ ನೋಡಿದರೆ ತಿಮೋಥಿ ಹೆಣ್ಣು! ಅಷ್ಟು ಸೂಕ್ಷ್ಮದೃಷ್ಟಿಯ ಪಾದ್ರಿಗೂ ಅದು ತಿಳಿದಿರಲಿಲ್ಲವೆಂಬುದು ನನಗೆ ಒಂದು ಬಗೆಯ ಆಶ್ವಾಸನೆ.

ಗಾಜಿನ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ, ಅಳಿಯ ಮತ್ತು ನಾನು ಸೇರಿ ಹಲಗೆಗಳಿಂದ ಒಂದು ತೊಟ್ಟಿಯನ್ನು ಹೊಡೆದೆವು. ನಾಲ್ಕಡಿ ಉದ್ದ, ಎರಡಡಿ ಅಗಲ, ಮೇಲೆ ಮುಚ್ಚಳವಿಲ್ಲ. ಒಂದು ತುದಿಗೆ ಮಾತ್ರ ದೀಪ. ಅದರ ಕೆಳಗಿನ ಚಪ್ಪಡಿಕಲ್ಲಿನ ಮೇಲೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಕಾವು. ಇನ್ನೊಂದು ತುದಿಯಲ್ಲಿ 20ರ ಆಸುಪಾಸು. ಎರಡು ಕಡೆಗೂ ಒಂದೊಂದು ಉಷ್ಣಮಾಪಕ. ರಾತ್ರಿ ದೀಪ ಆರಿಸಿ ತಂಪಾಗಲು ಬಿಡಬೇಕು. ರಾತ್ರಿಯೆಂಬುದು ಅದಕ್ಕೂ ಬೇಕಲ್ಲವೆ?

ದೀಪದ ವಿಷಯದಲ್ಲಿ ಒಂದು ಮಾತು. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಕಾವನ್ನೂ ಬಿಡುತ್ತದೆ. ನೇರಳಾತೀತ ಕಿರಣಗಳಲ್ಲಿ ಆಮೆಗೆ ಅಗತ್ಯವಾದ ಬಗೆಯನ್ನು ಮಾತ್ರ ತಡೆದುಬಿಡುತ್ತದೆ. ಆ ಕಿರಣ ಮೈಮೇಲೆ ಬಿದ್ದರೆ ‘ಡಿ’ ಜೀವಸತ್ವ, ಆ ಜೀವಸತ್ವವಿದ್ದರೆ ತಿಂದ ಸುಣ್ಣದಂಶ ಮೈಗೆ ಹತ್ತುವುದು, ಹತ್ತಿದರೆ ಚಿಪ್ಪು ಗಟ್ಟಿ. ಅದಕ್ಕೆಂದೇ ಮಾಡಿದ ದೀಪಗಳು ದೊರೆಯುತ್ತವೆ. ಆದರೆ ಕೆಲವು ತಿಂಗಳಾದ ಮೇಲೆ ಬೆಳಕು ಮೊದಲಿನಂತೆಯೇ ಕಂಡರೂ ಆ ಕಿರಣ ಕುಂದಿರುತ್ತದೆ, ಕಾಲಕಾಲಕ್ಕೆ ಬದಲಿಸಬೇಕು. ಪಶುವೈದ್ಯೆ ಇದನ್ನು ವಿವರಿಸುತ್ತಿದ್ದಾಗ ನಾನು ಬಿದಿರಿನ ಬುಟ್ಟಿಯನ್ನು ನೆನೆಯುತ್ತಿದ್ದೆ. ಅದನ್ನು ಅಡಿಗೆಮನೆಯ ಮೂಲೆಯಲ್ಲಿ ಇಟ್ಟಿದ್ದೆ. ಬೆಕ್ಕು ಬಾರದಿರಲೆಂದು ಮೇಲೆ ಮರ ಮುಚ್ಚಿದ್ದೆ.

ಇನ್ನು ನೆಲ. ಗೊಬ್ಬರ ಬೆರೆಸದ ತೋಟದ ಮಣ್ಣಿಗೆ ತೆಂಗಿನ ನಾರಿನ ಹುಡಿಯನ್ನು ಕಲಸಿ ನಾಲ್ಕು ಅಂಗುಲ ದಪ್ಪಕ್ಕೆ ಹಾಸಿದೆವು. ಆ ಹುಡಿಯ ಇಟ್ಟಿಗೆಯ ಮೇಲೆ ‘ಭಾರತದಲ್ಲಿ ತಯಾರಾದದ್ದು’ ಎಂಬ ಅಕ್ಷರಗಳನ್ನು ಓದಿ ನನಗೆ ಸಣ್ಣದೊಂದು ಹೆಮ್ಮೆಯೂ ಆಯಿತು. ಮಣ್ಣಿನ ಕೆಳಪದರ ಸದಾ ತೇವವಾಗಿರಬೇಕು, ಮೇಲ್ಪದರ ಆರಿರಬೇಕು. ನೆಲದಾಮೆ ಎಂದರೆ ಒಣ ಪ್ರಾಣಿ, ಒಣಗಿಸಿಯೇ ಇಡಬೇಕು ಎಂಬ ನಂಬಿಕೆ ಸಾಕುವವರಲ್ಲಿ ಬಹುಕಾಲ ಇತ್ತು. ಹಾಗೆ ಬೆಳೆದ ಮರಿಗಳ ಚಿಪ್ಪಿನ ಒಂದೊಂದು ಬಿಲ್ಲೆಯೂ ಗೋಪುರದಂತೆ ಉಬ್ಬುತ್ತಿತ್ತು. ತಪ್ಪನ್ನು ಆಹಾರದ ಮೇಲೆ ಹೊರಿಸುತ್ತಿದ್ದರು. ವಿಯೆನ್ನಾದ ಇಬ್ಬರು ಸಂಶೋಧಕರು ಆಫ್ರಿಕದ ಒಂದು ಜಾತಿಯ ಆಮೆಮರಿಗಳನ್ನು ಬೇರೆ ಬೇರೆ ಪ್ರಮಾಣದ ತೇವದಲ್ಲಿ ಸಾಕಿ ನೋಡಿ, ಆ ಉಬ್ಬಿಗೆ ಗಾಳಿಯ ಒಣಗೇ ಮುಖ್ಯ ಕಾರಣವೆಂದು 2003ರಲ್ಲಿ ತೋರಿಸಿದರು. ಯೋಚಿಸಿದರೆ ಸಹಜವೇ. ಕಾಡಿನಲ್ಲಿ ಮರಿಯಾಮೆ ಬಟ್ಟಬಯಲಿನಲ್ಲಿ ತಿರುಗುವುದು ಕಡಮೆ; ಹುಲ್ಲಿನ ಬುಡ, ತರಗೆಲೆಯ ಅಡಿ, ಕಲ್ಲಿನ ಸಂದು, ಇಂಥ ತಂಪಿನಲ್ಲಿ ಅಡಗಿರುತ್ತದೆ. ಆದ್ದರಿಂದ ತಂಪಿನ ತುದಿಯಲ್ಲಿ ಒಂದು ಮಣ್ಣಿನ ಕುಂಡವನ್ನು ಅಡ್ಡ ಮಲಗಿಸಿ, ಒಳಗೆ ಒದ್ದೆಯ ಪಾಚಿಯನ್ನು ತುಂಬಿದೆವು. ಹತ್ತೇ ನಿಮಿಷದಲ್ಲಿ ಕೂರ್ಮಪ್ಪ ಅದರೊಳಗೆ ಹೊಕ್ಕು, ಮರುದಿನ ಬೆಳಗಿನವರೆಗೆ ಹೊರಗೆ ಬರಲಿಲ್ಲ. ಮುಖ ಒತ್ತಿಕೊಂಡು ನಡೆಯುವ ಚಾಳಿ ಅಂದಿಗೆ ನಿಂತಿತು.

ನೀರಿನ ತಟ್ಟೆ ಅದರ ಗದ್ದಕ್ಕಿಂತ ಆಳವಿರಬಾರದು. ದಿನಕ್ಕೊಮ್ಮೆ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಬೇಕಾದಷ್ಟು ಕುಡಿಯುತ್ತದೆ. ಊಟಕ್ಕೆ ಹಿತ್ತಿಲಿನ ಕಳೆಗಳೇ ಮೃಷ್ಟಾನ್ನ: ಡ್ಯಾಂಡಿಲಿಯನ್, ಕ್ಲೋವರ್, ಮೇಲೆ ಚಿಟಿಕೆ ಸುಣ್ಣದಂಶದ ಪುಡಿ. ಹಣ್ಣು ಬೇಡ, ಅನ್ನ ರೊಟ್ಟಿ ಬೇಡವೇ ಬೇಡ. ಚಳಿಗಾಲದಲ್ಲಿ ಅಲ್ಲಿಯ ಜನ ಆಮೆಯನ್ನು ಪೆಟ್ಟಿಗೆಯಲ್ಲಿಟ್ಟು, ಸುಮಾರು 5 ಡಿಗ್ರಿಯ ತಂಗಳುಪೆಟ್ಟಿಗೆಯಲ್ಲಿ ವಾರಗಟ್ಟಲೆ ಮಲಗಿಸುತ್ತಾರೆಂದು ಕೇಳಿ ನಾನು ದಂಗಾದೆ. ಗಾಳಿಯಾಡಲೆಂದು ಆಗಾಗ ಬಾಗಿಲು ತೆರೆದು ಮುಚ್ಚುತ್ತಾರಂತೆ. ಹೊರಗಿನ ಹವೆ ಏರಿಳಿದು ನಿದ್ದೆ ಕೆಡದಿರಲೆಂದು ಈ ಏರ್ಪಾಡು. ವೈದ್ಯರ ತಪಾಸಣೆಯಿಲ್ಲದೆ ಯಾರೂ ಕೈಹಾಕತಕ್ಕದ್ದಲ್ಲ.

ಇದನ್ನೆಲ್ಲ ಕೇಳಿ ತಾವು ಯಾರಾದರೂ ನಮ್ಮ ನಕ್ಷತ್ರದ ಆಮೆಗೆ ತೊಟ್ಟಿ ಕಟ್ಟಲು ಹೊರಟೀರಿ ಎಂಬ ಭಯ ನನಗಿದೆ. ಅದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ ಅದನ್ನು ಹುಲಿ ಆನೆಗಳಿರುವ ಮೊದಲನೆಯ ಅನುಸೂಚಿಗೇ ಸೇರಿಸಿದೆ. ಅಂತರರಾಷ್ಟ್ರೀಯ ವ್ಯಾಪಾರವನ್ನು ದೇಶದೇಶಗಳು ಕೂಡಿ 2019ರಲ್ಲಿ ನಿಷೇಧಿಸಿವೆ. ಆದರೂ ಕಳ್ಳಸಾಗಣೆ ನಿಂತಿಲ್ಲ. ಸಿಂಗಪುರಕ್ಕೆ ಹಾಗೆ ಹೋಗಿ ಸಿಕ್ಕಿದ 51 ಆಮೆಗಳು 2018ರ ನವೆಂಬರಿನಲ್ಲಿ ಕರ್ನಾಟಕಕ್ಕೆ ಮರಳಿ ಬಂದವು. ನಮ್ಮ ಆಮೆಗೆ ಬೇಕಾದ ಕಾವು, ತಂಪು, ತೇವ, ಅಡಗುದಾಣ, ಎಲ್ಲವೂ ಬೇಲಿಯ ಬುಡದಲ್ಲಿ ಮೊದಲೇ ಇದ್ದವು. ನಾನು ಅದನ್ನು ಅಲ್ಲಿಂದ ಎತ್ತಿದೆ.

ಇದನ್ನು ಮೊಮ್ಮಗಳಿಗೂ ಹೇಳಿದೆ. “ತಾತ, ನಿಮ್ಮ ಆಮೆಯ ಹೆಸರೇನು?” ಎಂದಳು. ಹೆಸರಿಟ್ಟಿರಲಿಲ್ಲವೆಂದೆ. ಈಗ ಬೇಸಗೆಯ ಹಗಲಿನಲ್ಲಿ ಕೂರ್ಮಪ್ಪನಿಗೆ ಹಿತ್ತಿಲಿನಲ್ಲಿ ಒಂದು ಅಂಗಳವಿದೆ. ಅಗೆದುಕೊಂಡು ಹೋಗದಂತೆ ಹಲಗೆಗಳನ್ನು ನೆಲದೊಳಕ್ಕೂ ಇಳಿಸಿದ್ದಾರೆ. ಕಾಗೆ ನರಿಗಳ ಕಾಟಕ್ಕೆ ಮೇಲೆ ತಂತಿಬಲೆ. ನೆರಳಿಗೆ ಒಂದು ಲ್ಯಾವೆಂಡರ್ ಪೊದೆ. ಭಾನುವಾರ ಭಾನುವಾರ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ನನಗೆ ಫೋನ್ ಮಾಡುತ್ತಾರೆ. ಹೋದ ವಾರ 74 ಗ್ರಾಂ ಇತ್ತು.