ಮೌಸ್ ಯಾರ ಕೈಯಲ್ಲಿದೆ?

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹುಡುಗಿಯರು ಕಂಪ್ಯೂಟರ್ ಕಲಿಯಲೆಂದು ಸರಕಾರವೂ ಕಂಪೆನಿಗಳೂ ಹಣ ಕೊಡುತ್ತವಂತೆ, ಅದು ನಮ್ಮ ಮಕ್ಕಳವರೆಗೆ ಏಕೆ ಬರುವುದಿಲ್ಲ ಎಂದು ಕಳೆದ ಸಭೆಯಲ್ಲಿ ತಾಯಿಯೊಬ್ಬರು ಕೇಳಿದ್ದರು. ಉತ್ತರಕ್ಕೆ ಮೊದಲು ದೂರದ ಒಂದು ಸಂಗತಿ ಹೇಳುತ್ತೇನೆ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಸೇರಿದವರಲ್ಲಿ ಹುಡುಗಿಯರು ನೂರಕ್ಕೆ ಏಳು ಮಂದಿ ಮಾತ್ರ. ಕಾರಣ ಹುಡುಕಲು ಸ್ಲೋನ್ ಪ್ರತಿಷ್ಠಾನ ಹಣ ಒದಗಿಸಿತು. ಜೇನ್ ಮಾರ್ಗೊಲಿಸ್, ಅಲನ್ ಫಿಶರ್ ಎಂಬಿಬ್ಬರು ವರ್ಷಗಟ್ಟಲೆ ವಿದ್ಯಾರ್ಥಿಗಳನ್ನು ಮಾತನಾಡಿಸಿದರು. ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಮಗನ ಕೋಣೆಗೆ ಹೋಗಿತ್ತು. ಮಗಳು ಹಿಂದೆ ನಿಂತು ನೋಡಿದ್ದಳು. ಕಾಲೇಜಿಗೆ ಬಂದ ಮೇಲೆ ಹುಡುಗರ ಪಳಗಿದ ಕೈ ಕಂಡು, ಇದು ನನ್ನಿಂದಾಗದು ಎಂದುಕೊಂಡಳು. ಕೊರತೆ ಇದ್ದದ್ದು ಬುದ್ಧಿಯಲ್ಲಲ್ಲ, ಬಳಕೆಯಲ್ಲಿ. ವಿಶ್ವವಿದ್ಯಾಲಯ ಪ್ರವೇಶದಲ್ಲಿ ಹಳೆಯ ಅನುಭವಕ್ಕಿದ್ದ ಪ್ರಾಶಸ್ತ್ಯ ತಗ್ಗಿಸಿತು, ಹೊಸಬರಿಗೆ ಬೇರೆ ತರಗತಿ ನಡೆಸಿತು. ಅಲ್ಲಿನ ಸರಕಾರದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಿಂದ ಹೈಸ್ಕೂಲು ಅಧ್ಯಾಪಕರಿಗೆ ಬೇಸಗೆ ತರಬೇತಿಯೂ ನಡೆಯಿತು. 2000ನೇ ಇಸವಿಯಲ್ಲಿ ಸೇರಿದವರಲ್ಲಿ ಹುಡುಗಿಯರು ಶೇಕಡ 42.

ನಮ್ಮಲ್ಲಿಯೂ ಹಣವಿದೆ. ಎಐಸಿಟಿಇಯ 'ಪ್ರಗತಿ' ವಿದ್ಯಾರ್ಥಿವೇತನದಲ್ಲಿ ಇಂಜಿನಿಯರಿಂಗ್ ಅಥವಾ ಡಿಪ್ಲೊಮಾ ಸೇರಿದ ಹುಡುಗಿಗೆ ವರ್ಷಕ್ಕೆ 50,000 ರೂಪಾಯಿ. ಒಂದು ಕುಟುಂಬದ ಇಬ್ಬರಿಗೂ ಸಿಗಬಹುದು, ವಾರ್ಷಿಕ ಆದಾಯ 8 ಲಕ್ಷ ಮೀರಬಾರದು. ಇನ್ಫೋಸಿಸ್ ಫೌಂಡೇಶನ್ 2023ರಲ್ಲಿ ವಿಜ್ಞಾನ, ತಂತ್ರಜ್ಞಾನ ಓದುವ ಹುಡುಗಿಯರಿಗಾಗಿ ವರ್ಷಕ್ಕೆ ಒಂದು ಲಕ್ಷದವರೆಗಿನ ನೆರವು ಆರಂಭಿಸಿತು. ಆದರೆ ಇವೆಲ್ಲ ಕಾಲೇಜಿನ ಬಾಗಿಲಲ್ಲಿ ಕೊಡುವ ಹಣ. ಆ ಬಾಗಿಲಿಗೆ ನಮ್ಮ ಹುಡುಗಿ ತಲಪಬೇಕಲ್ಲ?

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ನಮ್ಮ ಲ್ಯಾಬಿನಲ್ಲಿ ಒಂದು ಯಂತ್ರಕ್ಕೆ ಮೂವರು. ಮೌಸ್ ಹುಡುಗನ ಕೈಯಲ್ಲಿ. ಹುಡುಗಿ ಪಕ್ಕದಲ್ಲಿ ಕುಳಿತು ದುಂಡಗಿನ ಅಕ್ಷರದಲ್ಲಿ ನೋಟ್ಸ್ ಬರೆಯುವುದು. ಅಕ್ಷರ ಚೆನ್ನಾಗಿದೆಯೆಂದು ನಾನೂ ಎಷ್ಟೋ ವರ್ಷ ಸುಮ್ಮನಿದ್ದೆ. ಈಗ ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸುತ್ತೇನೆ. ಮನೆಯಲ್ಲೂ ಹಾಗೆಯೇ ಅಲ್ಲವೇ? ಪಾತ್ರೆ ತೊಳೆದು ಬರುವಷ್ಟರಲ್ಲಿ ಫೋನಿನ ಚಾರ್ಜು ಮುಗಿದಿರುತ್ತದೆ.

ಎಂಟನೇ ತರಗತಿಯ 'ಲಿಟಲ್ ಕೈಟ್ಸ್' ಅಭಿರುಚಿ ಪರೀಕ್ಷೆಗೆ ಮಗಳ ಹೆಸರು ಕೊಡಿಸಿ. ಶಾಲೆ ಬಿಟ್ಟ ಮೇಲೂ ತರಬೇತಿ ಇರುತ್ತದೆ, ತಡವಾಗುತ್ತದೆಂದು ಬಿಡಿಸಬೇಡಿ. ಕನ್ನಡದಲ್ಲಿ ಕಂಪ್ಯೂಟರ್ ಕಲಿಯಲಾಗದೆಂಬ ಮಾತಿಗೂ ಕಿವಿಗೊಡಬೇಡಿ. ಕೇರಳದ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ಕಳಿಸಿದರೆ ಮಾತ್ರ ಪುಸ್ತಕ ಇದ್ದೂ ಇಲ್ಲದಂತೆ. ಅಂಥಲ್ಲಿ ಬಾಯಿಮಾತು ಸಾಲದು, ಸಂಘದ ಮೂಲಕ ಲಿಖಿತ ದೂರು ಕೊಡಿ.

ಇನ್ನೊಂದು ಸಣ್ಣ ವಿಷಯ, ಸಣ್ಣದೆಂದು ಬಿಟ್ಟರೆ ಅರ್ಜಿಯೇ ಬಿದ್ದುಹೋಗುತ್ತದೆ. ಆಧಾರ್, ಎಸ್ಸೆಸ್ಸೆಲ್ಸಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಮಗಳ ಹೆಸರು ಒಂದೇ ರೀತಿ ಇರಬೇಕು. ಕನ್ನಡದ ಹೆಸರು ಮಲಯಾಳಕ್ಕೂ ಇಂಗ್ಲಿಷಿಗೂ ಹೋಗುವಾಗ ಅಕ್ಷರ ಪಲ್ಲಟವಾಗುವುದು ನಿಮಗೆ ಗೊತ್ತಿದ್ದದ್ದೇ. ಈಗಲೇ ಅಕ್ಷಯ ಕೇಂದ್ರಕ್ಕೆ ಹೋಗಿ ಸರಿಮಾಡಿಸಿ, ಆದಾಯ ಪ್ರಮಾಣಪತ್ರಕ್ಕೂ ಅರ್ಜಿ ಕೊಡಿ. ದಾಖಲೆ ನೋಡಿಕೊಡಲು ಶನಿವಾರ ಮಧ್ಯಾಹ್ನ ನಾನು ಶಾಲೆಯಲ್ಲೇ ಇರುತ್ತೇನೆ. ಬರುವಾಗ ಮಗಳನ್ನೂ ಕರೆತನ್ನಿ. ಅರ್ಜಿಯನ್ನು ಅವಳೇ ಟೈಪ್ ಮಾಡಲಿ.